ಚಾರ್ಜರ್ ಇಟ್ಟರೆ ಸಾಕೇ?

ಮಾನ್ಯರೇ,

ನಮ್ಮ ಪಾರ್ಕ್ ಎದುರಿನ ಇವಿ (ವಿದ್ಯುತ್ ವಾಹನ) ಚಾರ್ಜಿಂಗ್ ಕೇಂದ್ರದ ಬಗ್ಗೆ ನಿನ್ನೆ ಬಂದ ವರದಿ ಓದಿ ಸಿಟ್ಟು ಬಂತು. ವಯಸ್ಸಾದವರು ಹೊಸದಕ್ಕೆ ಹೆದರುತ್ತಾರೆ ಎಂದು ಅದರಲ್ಲಿ ಅಧಿಕಾರಿಯೊಬ್ಬರು ಹೇಳಿದ್ದಾರೆ! ನಿನ್ನೆ ಸಂಜೆ ಅಲ್ಲಿಗೆ ಕಾರು ತಂದ ಹಿರಿಯ ದಂಪತಿ ಹೆದರಲಿಲ್ಲ, ಒಟಿಪಿ ಬಾರದೆ ಕಾದು ಕಾದು ವಾಪಸಾದರು.

ಆ್ಯಪ್ ಹಾಕಿಕೊಳ್ಳಬೇಕು, ವಾಲೆಟ್‌ಗೆ ಮುಂಗಡ ತುಂಬಬೇಕು, ಕ್ಯೂಆರ್ ಸ್ಕ್ಯಾನ್ ಮಾಡಬೇಕು. ಪಕ್ಕದ ರಸ್ತೆಯ ಚಾರ್ಜರ್‌ಗೆ ಬೇರೆ ಆ್ಯಪ್, ಬೇರೆ ವಾಲೆಟ್. ಬಿಸಿಲಿಗೆ ಪರದೆ ಕಾಣದು, ಕಂಡರೆ ಕನ್ನಡವಿಲ್ಲ. ಬೇಗ ಚಾರ್ಜ್ ಮಾಡುವ ಡಿಸಿ ಚಾರ್ಜರ್‌ನ ಸಿಸಿಎಸ್‌-2 ಮಾದರಿಯ ಗನ್ (ಕಾರಿಗೆ ಚುಚ್ಚುವ ಪ್ಲಗ್) ಭಾರ, ಕೇಬಲ್ ದಪ್ಪ, ಬಾಗುವುದಿಲ್ಲ. ಕೀಲುನೋವಿನ ಕೈಯಲ್ಲಿ ಸ್ವಲ್ಪ ಓರೆಯಾಗಿ ಕೂತರೂ ಲಾಕ್ ಬೀಳದೆ ಎರರ್ ಬರುತ್ತದೆ. ಮಧ್ಯೆ ನೆಟ್‌ವರ್ಕ್ ಹೋದರೆ ಆ್ಯಪ್‌ನಿಂದ ನಿಲ್ಲಿಸಲಾಗದು, ನಿಲ್ಲಿಸದೆ ಗನ್ ಬಿಡದು. ಗಾಬರಿಯಲ್ಲಿ ತುರ್ತು ನಿಲುಗಡೆಯ ಕೆಂಪು ಗುಂಡಿ ಒತ್ತಿದರೆ ಯಂತ್ರವೇ ಬಂದ್. ಅದನ್ನು ತಿರುಗಿಸಿ ಬಿಡಿಸಬೇಕೆಂದು ಅಲ್ಲೆಲ್ಲೂ ಬರೆದಿಲ್ಲ.

ಮನೆಯಲ್ಲೇ ಚಾರ್ಜ್ ಮಾಡಿಕೊಳ್ಳಿ ಎನ್ನುತ್ತಾರೆ. ಹಳೆ ಮನೆಗಳ ಪೋರ್ಟಿಕೋದಲ್ಲಿರುವುದು 5 ಆಂಪ್ಸ್ ಪ್ಲಗ್ಗು, ಅರ್ಥಿಂಗ್ (ಭೂಸಂಪರ್ಕ) ಹೆಸರಿಗಷ್ಟೇ. ಕಾರಿನ ಜೊತೆ ಕೊಡುವ ಚಾರ್ಜರ್‌ಗೆ 15 ಆಂಪ್ಸ್ ಬೇಕು. ಅರ್ಥಿಂಗ್ ಸರಿಯಿಲ್ಲದಿದ್ದರೆ ಅದು ಕೆಂಪು ದೀಪ ತೋರಿಸಿ ನಿಲ್ಲುತ್ತದೆ. ಗಾಡಿಯೇ ಕೆಟ್ಟಿತೆಂದು ಹಿರಿಯರು ಸರ್ವಿಸ್ ಸೆಂಟರ್‌ಗೆ ಅಲೆಯುತ್ತಾರೆ. ಮೀಟರ್ ಬೋರ್ಡಿನಿಂದ ನೇರವಾಗಿ 4 ಚದರ ಮಿ.ಮೀ. ತಾಮ್ರದ ವೈರು, ಪ್ರತ್ಯೇಕ ಎಂಸಿಬಿ (ಲೋಡ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್), ವಿದ್ಯುತ್ ಸೋರಿದರೆ ತಕ್ಷಣ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ, ಒಳ್ಳೆಯ ಅರ್ಥ್ ಪಿಟ್ ಬೇಕೆಂದು ಗಾಡಿ ಮಾರುವಾಗ ಹೇಳುವವರಿಲ್ಲ. ಗೋಡೆಗೆ 7.2 ಕಿಲೋವಾಟ್ ಚಾರ್ಜರ್ ಹಾಕಿಸಿದರೆ ಮನೆಗೆ ಮಂಜೂರಾದ 3 ಕಿಲೋವಾಟ್ ಲೋಡ್ ಸಾಲದು. ಲೋಡ್ ಹೆಚ್ಚಿಸಲು ಅರ್ಜಿ, ಠೇವಣಿ, ಮತ್ತೆ ನಾಳೆ ಬನ್ನಿ. ಅಪಾರ್ಟ್‌ಮೆಂಟ್ ಆದರೆ ಸಂಘದ ಒಪ್ಪಿಗೆ ಬೇರೆ.

ದೇಶದಲ್ಲೇ ಮೊದಲು, 2017ರಲ್ಲಿ ಇವಿ ನೀತಿ ತಂದ ರಾಜ್ಯ ನಮ್ಮದು. ಆ ಕೇಂದ್ರದ ಮುಂದೆ ಅಗೆದ ಫುಟ್‌ಪಾತ್ ಮುಚ್ಚಲು ಮಾತ್ರ ಯಾರಿಗೂ ಬಿಡುವಿಲ್ಲ. ಬೀದಿ ದೀಪ ಉರಿಯದೆ ಕತ್ತಲಲ್ಲಿ ಕೇಬಲ್ ಕಾಲಿಗೆ ತೊಡರುತ್ತದೆ. ದೂರು ಕೊಟ್ಟರೆ ಪಾಲಿಕೆ ವಿದ್ಯುತ್ ಕಂಪನಿಯನ್ನು ತೋರಿಸುತ್ತದೆ, ಅವರು ಗುತ್ತಿಗೆದಾರನನ್ನು.

ಕಾರ್ಡು ಉಜ್ಜಿದರೆ ಅಥವಾ ನೇರ ಯುಪಿಐ ಕೊಟ್ಟರೆ ಚಾರ್ಜ್ ಆಗುವಂತೆ ಮಾಡಲಿ, ಸಂಜೆಯಾದರೂ ಒಬ್ಬ ಸಹಾಯಕನನ್ನು ನಿಲ್ಲಿಸಲಿ. ಆಗದಿದ್ದರೆ ಸಂಬಂಧಪಟ್ಟವರು ಆ ಯಂತ್ರವನ್ನು ಕಿತ್ತೊಯ್ಯಲಿ, ಅಲ್ಲಿ ಕೂರಲು ಒಂದು ಬೆಂಚಾದರೂ ಹಾಕಬಹುದು. ಹಿರಿಯರಿಗೆ ಭಯವೆಂದು ಹೇಳಿದ ಅಧಿಕಾರಿ ಒಮ್ಮೆ ತಾವೇ ಬಂದು ಗನ್ ಚುಚ್ಚಿ ನೋಡಲಿ.

— ನಿವೃತ್ತ ಎಲೆಕ್ಟ್ರಿಕಲ್ ಸೂಪರ್‌ವೈಸರ್, ಬೆಂಗಳೂರು