ಸೈರನ್ ಕೂಗಿದರೆ ಎತ್ತ ಓಡಬೇಕು?

ಸಂಪಾದಕರಿಗೆ ನಮಸ್ಕಾರ.

ನಮ್ಮ ಯಾದಗಿರಿ ಜಿಲ್ಲೆಯ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶದ ರಾಸಾಯನಿಕ ಕಾರ್ಖಾನೆಗಳ ವಾಸನೆ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತದೆ. ಬರಲಿ, ಅದು ಬೇಕು. ಆದರೆ ವಾಸನೆ ದಿನಾ ಇರುವ ತೊಂದರೆ. ನಾನು ಕೇಳುತ್ತಿರುವುದು ಬೇರೆ. ಯಾವುದೋ ಒಂದು ರಾತ್ರಿ ಟ್ಯಾಂಕಿನ ವಾಲ್ವೋ ಪೈಪೋ ಒಡೆದು ವಿಷಾನಿಲ ಹೊರಗೆ ಬಂತು ಅಂತ ಇಟ್ಟುಕೊಳ್ಳಿ. ಕಡೇಚೂರು, ಬಾಡಿಯಾಳ, ಸೈದಾಪುರದ ಜನ ಏನು ಮಾಡಬೇಕು? ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ‘ಓಡಬೇಕು’ ಅನ್ನುತ್ತಾರೆ. ಎತ್ತ ಕಡೆ ಅಂದರೆ ಉತ್ತರ ಇಲ್ಲ.

ಕಾನೂನು ಇಲ್ಲ ಅಂತೇನಿಲ್ಲ. ಭೋಪಾಲ್ ದುರಂತ ಆದ ಮೇಲೆ, 1989ರಲ್ಲಿ, ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹ ಮತ್ತು ಆಮದಿಗೆ ಕೇಂದ್ರ ಸರ್ಕಾರ ನಿಯಮ ತಂದಿದೆ. ಕಾರ್ಖಾನೆಯ ಗೋಡೆಯೊಳಗಿನ ತುರ್ತು ಯೋಜನೆ ಮಾಲೀಕರ ಜವಾಬ್ದಾರಿ. ಗೋಡೆಯ ಹೊರಗೆ, ಅಂದರೆ ನಮ್ಮ ಊರು, ಹೊಲ, ಶಾಲೆಗೆ ಬೇಕಾದ ಯೋಜನೆ ಜಿಲ್ಲಾಡಳಿತದ್ದು. ಒಳಗಿನ ಅಣಕು ಪ್ರದರ್ಶನ ಆರು ತಿಂಗಳಿಗೊಮ್ಮೆ, ಹೊರಗಿನದ್ದು ವರ್ಷಕ್ಕೆ ಒಮ್ಮೆಯಾದರೂ ಆಗಲೇಬೇಕು. ಅಪಘಾತವಾದರೆ ಯಾರಿಗೆ ತೊಂದರೆ ಆಗಬಹುದೋ ಅವರಿಗೆ ಮೊದಲೇ ತಿಳಿಸಿರಬೇಕು ಅಂತಲೂ ಅದೇ ನಿಯಮದಲ್ಲಿದೆ. ಈ ಕೊನೆಯ ಮಾತೇ ನನಗೆ ಮುಖ್ಯ. ಯೋಜನೆ ಕಚೇರಿಯ ಬೀರುವಿನಲ್ಲಿ ಭದ್ರವಾಗಿರಬಹುದು, ಆದರೆ ಓಡಬೇಕಾದವನ ತಲೆಯಲ್ಲಿ ಅದು ಇಲ್ಲದಿದ್ದರೆ ಏನು ಬಂತು?

ಇನ್ನೊಂದು ವಿಷಯ. ಈ ಯೋಜನೆಗಳೆಲ್ಲ ಇಂತಿಷ್ಟಕ್ಕಿಂತ ಜಾಸ್ತಿ ಸಂಗ್ರಹ ಇರುವ ಕಡೆಗೆ ಮಾತ್ರ. ಕ್ಲೋರಿನ್ ಆದರೆ 10 ಟನ್, ಅಮೋನಿಯಾ ಆದರೆ 60 ಟನ್. 9 ಟನ್ ಕ್ಲೋರಿನ್ ಇಟ್ಟುಕೊಂಡವನು ಈ ಲೆಕ್ಕದಿಂದ ಹೊರಗೆ! ನೀರು ಶುದ್ಧೀಕರಣ ಘಟಕಗಳಲ್ಲಿ ಬಳಸುವ ಒಂದು ಟನ್ನರ್‌ನಲ್ಲೇ (ಅಂದರೆ ದೊಡ್ಡ ಸಿಲಿಂಡರ್‌ನಲ್ಲೇ) 900 ಕೆ.ಜಿ. ಕ್ಲೋರಿನ್ ಇರುತ್ತದೆ, ಅದೊಂದು ಸೋರಿದರೂ ಸಾಕು ಒಂದು ಬಡಾವಣೆ ಖಾಲಿ ಮಾಡಿಸೋಕೆ. ಹಾಗಾಗಿ ಮಿತಿಯ ಕೆಳಗಿದೆ ಅಂತ ಸಣ್ಣ ಘಟಕಗಳನ್ನು ಬಿಟ್ಟುಬಿಡಬಾರದು.

ಯಾವ ಅನಿಲ ಅಂತ ಗೊತ್ತಿರಲೇಬೇಕು ಅಂತ ನಾನು ಹಟ ಹಿಡಿಯುವುದು ಯಾಕೆ ಗೊತ್ತಾ? ಒಂದೊಂದು ಅನಿಲಕ್ಕೆ ಒಂದೊಂದು ನಡವಳಿಕೆ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ತಗ್ಗು ಹಿಡಿದು ಹರಿಯುತ್ತದೆ. ಹಳ್ಳದ ದಂಡೆಯಲ್ಲಿ, ತಗ್ಗಿನ ಮನೆಗಳಲ್ಲಿ ಕೂತುಬಿಡುತ್ತದೆ. ಅದಕ್ಕೆ ದಿಬ್ಬದ ಕಡೆ ಹೋಗಬೇಕು, ಆಗದಿದ್ದರೆ ಮಾಳಿಗೆ ಮನೆಯ ಮೇಲಿನ ಕೋಣೆ ಸೇರಿ ಬಾಗಿಲು ಕಿಟಕಿ ಹಾಕಿಕೊಳ್ಳಬೇಕು. ಅಮೋನಿಯಾ ನಿಜವಾಗಿ ಹಗುರ. ಆದರೆ ಒತ್ತಡದಲ್ಲಿಟ್ಟ ದ್ರವ ಅಮೋನಿಯಾ ಸಿಡಿದಾಗ ತಣ್ಣಗಿನ ಬಿಳಿ ಮಂಜಿನ ಹಾಗೆ ಮೊದಲು ನೆಲ ಹಿಡಿದೇ ಬರುತ್ತದೆ. ಅದು ನೀರಿನಲ್ಲಿ ಚೆನ್ನಾಗಿ ಕರಗುವುದರಿಂದ ಮೂಗು ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡರೆ ಸ್ವಲ್ಪವಾದರೂ ಉಪಯೋಗ ಆಗುತ್ತದೆ. ಹೈಡ್ರೋಜನ್ ಸಲ್ಫೈಡ್ ಇನ್ನೂ ಕೆಟ್ಟದ್ದು. ಮೊದಲು ಕೊಳೆತ ಮೊಟ್ಟೆ ವಾಸನೆ, ಪ್ರಮಾಣ ಜಾಸ್ತಿ ಆದ ಮೇಲೆ ಮೂಗಿಗೆ ಏನೂ ಗೊತ್ತಾಗುವುದಿಲ್ಲ, ವಾಸನೆ ಹೋಯಿತು ಅಂತ ಜನ ನಿರಾಳವಾಗಿಬಿಡುತ್ತಾರೆ.

ನಮ್ಮ ಕಡೆ ಬೇಸಿಗೆಯಲ್ಲಿ ರಾತ್ರಿಯಿಡೀ ಕೂಲರ್ ಓಡುತ್ತಿರುತ್ತದೆ ಅಲ್ವಾ? ಅದು ಹೊರಗಿನ ಗಾಳಿಯನ್ನೇ ಎಳೆದು ಒಳಗೆ ಬಿಡುವ ಯಂತ್ರ. ವಿಷಾನಿಲ ಬಂದಾಗ ಮೊದಲು ಅದನ್ನು ನಿಲ್ಲಿಸಬೇಕು. ಅದೇ ಎಲ್‌ಪಿಜಿ ಸೋರಿದ್ದರೆ ಸ್ವಿಚ್ ಮುಟ್ಟಲೇಬಾರದು, ಒಂದು ಕಿಡಿ ಸಾಕು. ನೋಡಿ, ಒಂದಕ್ಕೆ ಸ್ವಿಚ್ ಆರಿಸು, ಇನ್ನೊಂದಕ್ಕೆ ಮುಟ್ಟಲೇಬೇಡ. ಸೋರಿದ್ದು ಯಾವುದು ಅಂತ ಹೇಳದೆ ಸುಮ್ನೆ ‘ಜಾಗರೂಕರಾಗಿರಿ’ ಅಂದರೆ ಜನ ಏನು ಮಾಡಬೇಕು?

ಓಡುವುದಾದರೆ ಗಾಳಿ ಬೀಸುವ ದಿಕ್ಕಿಗೆ ಅಡ್ಡವಾಗಿ ಓಡಬೇಕು. ಗಾಳಿಯ ಜೊತೆಗೇ ಓಡಿದರೆ ಅನಿಲವೂ ಬೆನ್ನು ಹತ್ತಿ ಬರುತ್ತದೆ. ಭೋಪಾಲದಲ್ಲಿ 1984ರ ಡಿಸೆಂಬರ್ 2ರ ರಾತ್ರಿ ಜನರಿಗೆ ಇದನ್ನು ಹೇಳುವವರೇ ಇರಲಿಲ್ಲ, ಓಡಿ ಏದುಸಿರು ಬಿಟ್ಟವರ ಎದೆಗೆ ವಿಷ ಇನ್ನೂ ಜಾಸ್ತಿ ಹೋಯಿತು. ಬಂದದ್ದು ಯಾವ ಅನಿಲ ಅಂತ ಆಸ್ಪತ್ರೆಯ ವೈದ್ಯರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅದು ಹಳೆಯ ಕಾಲ ಅನ್ನಬೇಡಿ. 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಒಂದು ಕಾರ್ಖಾನೆಯಲ್ಲಿ ಸ್ಟೈರೀನ್ ಎಂಬ ವಿಷಾನಿಲ ಸೋರಿ 12 ಜನ ಸತ್ತರು, ಕಾರ್ಖಾನೆಯಲ್ಲಿ ಸೈರನ್ ಇದ್ದೂ ಊರಿನವರನ್ನು ಎಬ್ಬಿಸಲಿಲ್ಲ.

ಈಗ ನಮ್ಮೂರಿನ ಲೆಕ್ಕಕ್ಕೆ ಬನ್ನಿ. ದುಡಿಯುವ ವಯಸ್ಸಿನವರು ಎಷ್ಟೋ ಜನ ಬೆಂಗಳೂರು, ಮುಂಬೈ ಕಡೆ ಗುಳೆ ಹೋಗಿರುತ್ತಾರೆ. ಮನೆಯಲ್ಲಿ ಉಳಿಯುವವರು ಮುದುಕರು, ಮಕ್ಕಳು. ಅವರನ್ನು ಸಾಗಿಸುವ ಗಾಡಿ ಯಾವುದು, ಡ್ರೈವರ್ ಯಾರು? ಹತ್ತಿ ಬಿಡಿಸುವ ಹೊತ್ತಿನಲ್ಲಿ ಹೆಂಗಸರು ದೂರದ ಹೊಲದಲ್ಲಿರುತ್ತಾರೆ, ಅವರಿಗೆ ಸೈರನ್ ಕೇಳಿಸುತ್ತಾ? ಕಾರ್ಖಾನೆಗಳಲ್ಲಿ ಹೊರ ರಾಜ್ಯದ ಕಾರ್ಮಿಕರಿದ್ದಾರೆ, ಕನ್ನಡದ ಫಲಕ ಮಾತ್ರ ಅವರಿಗೆ ಸಾಲದು. ಸೈದಾಪುರದ ಮೇಲೆ ವಾಡಿ-ರಾಯಚೂರು ರೈಲು ಮಾರ್ಗ ಹಾದುಹೋಗುತ್ತದೆ, ಅನಿಲದ ಮೋಡದೊಳಗೆ ರೈಲು ನುಗ್ಗದ ಹಾಗೆ ಮೊದಲೇ ನಿಲ್ಲಿಸಲು ಸ್ಟೇಷನ್ ಮಾಸ್ಟರ್‌ಗೆ ಫೋನ್ ಮಾಡುವವರು ಯಾರು? ಗುಡಿಯ ಮೈಕು, ಮಸೀದಿಯ ಮೈಕು ಎರಡೂ ಇವೆ. ರಾತ್ರಿ ಊರು ಎಬ್ಬಿಸಲು ಅದಕ್ಕಿಂತ ಒಳ್ಳೆಯ ವ್ಯವಸ್ಥೆ ನನಗಂತೂ ಕಾಣುತ್ತಿಲ್ಲ, ಅದನ್ನೂ ಯೋಜನೆಯಲ್ಲಿ ಬರೆದುಕೊಳ್ಳಲಿ.

ಸಂಪಾದಕರೇ, ಈ ಪತ್ರ ನಿಮಗೇ ಬರೆಯಲು ಕಾರಣ ಇದೆ. ರಾಸಾಯನಿಕ ಅಪಘಾತಗಳ ಬಗ್ಗೆ 1996ರಲ್ಲಿ ಇನ್ನೊಂದು ನಿಯಮ ಬಂತು. ಅದರ ಪ್ರಕಾರ ಜಿಲ್ಲಾ ಮಟ್ಟದಲ್ಲಿ ಜಿಲ್ಲಾಧಿಕಾರಿಗಳ ಒಂದು ಸಮಿತಿ, ಅದರ ಕೆಳಗೆ ಕೈಗಾರಿಕಾ ಪ್ರದೇಶಕ್ಕೆ ಒಂದು ಸ್ಥಳೀಯ ಸಮಿತಿ ಇರಬೇಕು. ಜಿಲ್ಲೆಯದ್ದು 45 ದಿನಕ್ಕೊಮ್ಮೆ, ಸ್ಥಳೀಯದ್ದು ತಿಂಗಳಿಗೊಮ್ಮೆ ಸೇರಬೇಕು. ಸ್ಥಳೀಯ ಸಮಿತಿಯಲ್ಲಿ ಕಾರ್ಖಾನೆ ನಿರೀಕ್ಷಕರು, ಅಗ್ನಿಶಾಮಕ ಅಧಿಕಾರಿ, ಪೊಲೀಸರು, ವೈದ್ಯರು, ಗ್ರಾಮ ಪಂಚಾಯಿತಿಯವರು ಇರುತ್ತಾರೆ. ಜೊತೆಗೆ ಸ್ಥಳೀಯ ಪತ್ರಿಕೆಯ ಸಂಪಾದಕರೂ ಸದಸ್ಯರು. ನಿಮ್ಮನ್ನಾಗಲಿ ಜಿಲ್ಲೆಯ ಬೇರೆ ಪತ್ರಿಕೆಯವರನ್ನಾಗಲಿ ಈ ಸಭೆಗೆ ಕರೆದಿದ್ದಾರಾ? ಕರೆದಿದ್ದರೆ ಅಲ್ಲಿ ಏನು ಮಾತಾಯಿತು ಅಂತ ಬರೆಯಿರಿ. ಕರೆದಿಲ್ಲದಿದ್ದರೆ ಅದನ್ನೇ ಮುಖಪುಟದಲ್ಲಿ ಹಾಕಿ, ಅದಕ್ಕಿಂತ ದೊಡ್ಡ ಸುದ್ದಿ ನಮಗೇನಿದೆ?

ಜಿಲ್ಲಾಡಳಿತಕ್ಕೆ ನಾನು ಕೇಳುವುದು ಇಷ್ಟೇ. ಯಾವ ಕಾರ್ಖಾನೆಯಲ್ಲಿ ಯಾವ ಅನಿಲ ಇದೆ, ಸೈರನ್ ಹೇಗೆ ಕೂಗಿದರೆ ಅಪಾಯ, ಹೇಗೆ ಕೂಗಿದರೆ ಮುಗಿಯಿತು, ಎಲ್ಲಿ ಸೇರಬೇಕು, ಇದನ್ನೆಲ್ಲ ಒಂದು ಹಾಳೆಯಲ್ಲಿ ಕನ್ನಡ, ಹಿಂದಿಯಲ್ಲಿ ಅಚ್ಚು ಹಾಕಿಸಿ ಮನೆಮನೆಗೆ ಹಂಚಿ. ಮುಂದಿನ ಅಣಕು ಪ್ರದರ್ಶನವನ್ನು ಮಧ್ಯಾಹ್ನ ಫೋಟೊ ತೆಗೆಸಿಕೊಳ್ಳುವ ಹೊತ್ತಿಗೆ ಮಾಡಬೇಡಿ. ರಾತ್ರಿ ಎರಡು ಗಂಟೆಗೆ ಮಾಡಿ. ಗಾಬರಿ ಆಗದಂತೆ ವಾರದ ಮೊದಲೇ ಡಂಗುರ ಹೊಡೆಸಿ, ಆದರೆ ಎಷ್ಟು ಮನೆಯವರು ಎಚ್ಚರವಾದರು ಅಂತ ಮರುದಿನ ಎಣಿಸಿ, ಆ ಲೆಕ್ಕವನ್ನು ಈ ಪತ್ರಿಕೆಗೆ ಕೊಡಿ.

ಇಂತಿ,
ಒಬ್ಬ ಓದುಗ, ಸೈದಾಪುರ, ಯಾದಗಿರಿ ಜಿಲ್ಲೆ