ಪತ್ರಿಕೆಯ ಪುಟದಿಂದ ಗೋಡೆಗೆ

ಮಾನ್ಯರೇ,

ಪತ್ರಿಕೆಯ ನೌಕರಿ ಬಿಟ್ಟು ಸ್ವತಂತ್ರವಾಗಿ ಕ್ಯಾಮೆರಾ ಹಿಡಿದ ಕನ್ನಡಿಗರಲ್ಲಿ ಮೈಸೂರಿನ ಟಿ.ಎಸ್. ಸತ್ಯನ್ ಹೆಸರು ದೊಡ್ಡದು. ಅವರು ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ ಯುನಿಸೆಫ್ ವತಿಯಿಂದ ನ್ಯೂಯಾರ್ಕಿನ ವಿಶ್ವಸಂಸ್ಥೆ ಕಚೇರಿಯಲ್ಲಿ ಪ್ರದರ್ಶನಗೊಂಡಿದ್ದವು. ಕಲಬುರಗಿ, ಬೀದರ್ ಕಡೆ ಆ ಹಾದಿ ಹಿಡಿದು, ಪತ್ರಿಕೆಗೆ ತೆಗೆದ ಚಿತ್ರಗಳ ಪ್ರದರ್ಶನ ಮಾಡಹೊರಟವರು ಮೊದಲು ನೇಮಕಾತಿ ಪತ್ರ ತೆಗೆದು ಓದಲಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ನೌಕರಿಯಲ್ಲಿ ಪ್ರಕಟಣೆಗಾಗಿ ತೆಗೆದ ಚಿತ್ರವನ್ನು ಪತ್ರಿಕೆಗಳಲ್ಲಿ ಹಾಕುವ ಹಕ್ಕಷ್ಟೇ ಮಾಲೀಕರದು. ಪ್ರದರ್ಶನದ ಹಕ್ಕು ಛಾಯಾಗ್ರಾಹಕರದೇ. ಪತ್ರದ ಒಂದೇ ಸಾಲು ಇದನ್ನು ತಿರುವುಮುರುವು ಮಾಡಬಲ್ಲದು.

ಕಚೇರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಫೈಲು ಗೋಡೆಗೆ ಆಗದು. 12×18 ಇಂಚಿನ ಪ್ರಿಂಟಿಗೆ ಇಂಚಿಗೆ 300ರಂತೆ 3600×5400 ಪಿಕ್ಸೆಲ್ ಬೇಕು. 35 ಎಂ.ಎಂ. ನೆಗೆಟಿವ್ ಆದರೆ 4000 ಡಿಪಿಐನಲ್ಲಿ (ಇಂಚಿಗೆ 4000 ಚುಕ್ಕಿ) ಸ್ಕ್ಯಾನ್ ಮಾಡಿಸಿ. ಅದನ್ನೂ ತಡ ಮಾಡಬೇಡಿ. ನಮ್ಮ ಬಿಸಿಲಿಗೆ ಪತ್ರಾಸಿನ ಮನೆಯ ಟ್ರಂಕಿನಲ್ಲಿಟ್ಟ ಹಳೆಯ ಅಸಿಟೇಟ್ ಫಿಲ್ಮ್ ವಿನೆಗರ್ ವಾಸನೆ ಹೊಡೆದು, ಕುಗ್ಗಿ, ಮುರುಟಿಕೊಳ್ಳುತ್ತದೆ. ವಾಸನೆ ಹಿಡಿದ ರೋಲು ಪಕ್ಕದ್ದನ್ನೂ ಕೆಡಿಸುವುದರಿಂದ ಬೇರೆಡೆ ಇಟ್ಟು, ಮೊದಲು ಅದನ್ನೇ ಸ್ಕ್ಯಾನ್ ಮಾಡಿಸಬೇಕು.

ಕ್ಯುರೇಟರ್ ಆದಾಗ, ಅಂದರೆ ಪ್ರದರ್ಶನಕ್ಕೆ ಚಿತ್ರ ಆರಿಸಿ ಜೋಡಿಸುವಾಗ, ಕಷ್ಟವಾಗುವುದು ಚಿತ್ರಗಳನ್ನು ಕೈಬಿಡುವ ಕೆಲಸ. ಇನ್ನೂರು ಚಿತ್ರ ಒತ್ತೊತ್ತಾಗಿ ತೂಗುಹಾಕಿದರೆ ಅದು ಮದುವೆ ಆಲ್ಬಮ್ಮು, ಮೂವತ್ತು ಸಾಕು. ಚೌಕಟ್ಟಿನ ನಡುಭಾಗ ನೆಲದಿಂದ 57-58 ಇಂಚು ಎತ್ತರದಲ್ಲಿರಲಿ. ಎದುರಿಗೆ ಕಿಟಕಿ ಇದ್ದರೆ ಗಾಜಿನಲ್ಲಿ ನೋಡುಗರಿಗೆ ತಮ್ಮ ಮುಖವೇ ಕಾಣುತ್ತದೆ. ಇನ್ನು ಅಡಿಬರಹ: ಊರು, ತಾರೀಖು, ತೆಗೆದವರ ಹೆಸರು. ಪತ್ರಿಕೆಗಳು ‘ಸಂಗ್ರಹ ಚಿತ್ರ’ ಎಂದು ಹಾಕಿ ಕೈತೊಳೆದುಕೊಳ್ಳುವುದನ್ನು ಬಿಟ್ಟರೆ ಮುಂದಿನ ಕ್ಯುರೇಟರಿಗೆ ಅರ್ಧ ಹುಡುಕಾಟ ತಪ್ಪುತ್ತದೆ.

– ಓದುಗರು, ಕಲಬುರಗಿ