ಕಪ್ ಮ್ಯಾಚ್ ಟರ್ಫ್‌ಗೆ ಹೋದದ್ದು ಯಾಕೆ: ಪಾಸ್ ಕೊಂಡವರಿಗೆ ನಮ್ಮ ಕ್ಲಬ್‌ನ ಪತ್ರ

ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಈ ಸಲದಿಂದ ನಮ್ಮ ಫುಟ್‌ಬಾಲ್ ಕಪ್ ಮ್ಯಾಚ್‌ಗಳು ಮಣ್ಣಿನ ಗ್ರೌಂಡ್‌ನಲ್ಲಿ ನಡೆಯುವುದಿಲ್ಲ. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ, ಕೃತಕ ಹುಲ್ಲಿನ ಟರ್ಫ್‌ನಲ್ಲಿ, ಲೈಟ್ ಕೆಳಗೆ ನಡೆಯುತ್ತವೆ. 300 ರೂಪಾಯಿ ಇದ್ದ ಪಾಸ್ 500 ಆಗಿದೆ. ಹಳೇ ದರದಲ್ಲಿ ಆಗಲೇ ಪಾಸ್ ತೆಗೆದುಕೊಂಡವರು ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬೇಕಾಗಿಲ್ಲ.

ಮೊದಲು ನಮ್ಮ ತಪ್ಪು ಹೇಳಿಬಿಡುತ್ತೇವೆ. ಜಾಗ ಬದಲಾದ ಸುದ್ದಿಯನ್ನು ಮೊದಲ ಮ್ಯಾಚ್‌ನ ಹಿಂದಿನ ರಾತ್ರಿ ವಾಟ್ಸಾಪ್‌ನಲ್ಲಿ ಹಾಕಿ ಸುಮ್ಮನಾದೆವು. ವಾಟ್ಸಾಪ್ ನೋಡದ ಹಿರಿಯರು ಮಾರನೇ ದಿನ ಎಂದಿನಂತೆ ಹಳೇ ಗ್ರೌಂಡ್‌ಗೆ ಬಂದು ಕಾದಿದ್ದಾರೆ. ಅವರಲ್ಲೊಬ್ಬರು ನನಗೆ ಚೆಂಡು ಒದೆಯುವುದನ್ನು ಕಲಿಸಿದವರು. ಆ ಸಂಜೆಯೇ ಮನೆಗೆ ಹೋಗಿ ಕ್ಷಮೆ ಕೇಳಿದೆ. ಮಿಕ್ಕವರಲ್ಲಿ ಇಲ್ಲಿ ಕೇಳುತ್ತೇನೆ.

ಇನ್ನು ದುಡ್ಡಿನ ವಿಷಯ. ‘ದುಡ್ಡು ಮಾಡೋಕೆ ಹೊರಟಿದ್ದಾರೆ’ ಅನ್ನುವ ಮಾತು ನಮ್ಮ ಕಿವಿಗೂ ಬಿದ್ದಿದೆ. ಅದು ನೋಯಿಸಿದೆ. ಲೀಗ್ ಮ್ಯಾಚ್ ಸಮ ಆದರೆ ಕೈ ಕುಲುಕಿ ಮನೆಗೆ ಹೋಗಬಹುದು. ಕಪ್ ಮ್ಯಾಚ್‌ಗೆ ಆ ಅನುಕೂಲ ಇಲ್ಲ, ಅದೇ ದಿನ ಯಾರಾದರೂ ಗೆಲ್ಲಲೇಬೇಕು. 90 ನಿಮಿಷದ ಮೇಲೆ 30 ನಿಮಿಷ ಎಕ್ಸ್‌ಟ್ರಾ ಟೈಮ್, ಅದರ ಮೇಲೆ ಪೆನಾಲ್ಟಿ. ನಮ್ಮ ಹುಡುಗರು ಕೆಲಸ ಮುಗಿಸಿ ಬರುವ ಹೊತ್ತಿಗೆ ನಾಲ್ಕು ಗಂಟೆ. ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಆರಕ್ಕೆಲ್ಲ ಕತ್ತಲು. ಕಳೆದ ವರ್ಷದ ಸೆಮಿಫೈನಲ್ ಪೆನಾಲ್ಟಿಗಳನ್ನು ಬೈಕ್ ಹೆಡ್‌ಲೈಟ್ ಹಾಕಿ ಮುಗಿಸಿದ್ದು ನಿಮಗೆ ನೆನಪಿದೆ. ಚೆಂಡು ಬಂದದ್ದು ಕಾಣದೆ ನಮ್ಮ ಗೋಲ್‌ಕೀಪರ್ ಬೆರಳು ಮುರಿದುಕೊಂಡ. ಹದಿನೆಂಟರ ಹುಡುಗ, ಡೆಲಿವರಿ ಕೆಲಸ ಮಾಡುವವನು. ಗಾಡಿ ಓಡಿಸಲಾಗದೆ ತಿಂಗಳುಗಟ್ಟಲೆ ಮನೆಯಲ್ಲಿ ಕೂತ. ಅವನ ತಾಯಿಗೆ ಉತ್ತರ ಹೇಳಿದ್ದು ನಾವು.

ಜನರೇಟರ್ ತರಿಸಿ ನೋಡಿದೆವು. ಡೀಸೆಲ್, ಕಂಬ, ಕಂಬ ನಿಲ್ಲಿಸುವವರ ಕೂಲಿ ಸೇರಿದರೆ ಟರ್ಫ್ ಬಾಡಿಗೆಗಿಂತ ಜಾಸ್ತಿ. ಮಣ್ಣಿನ ಗ್ರೌಂಡ್ ಪುಕ್ಕಟೆ ಅಂದುಕೊಂಡವರೂ ಇದ್ದಾರೆ. ಸುಣ್ಣದ ಗೆರೆ, ರೋಲರ್, ಧೂಳು ಕೂರಿಸಲು ಟ್ಯಾಂಕರ್ ನೀರು, ಇವಕ್ಕೆಲ್ಲ ಪ್ರತಿ ಮ್ಯಾಚ್‌ಗೂ ದುಡ್ಡು ಕೊಟ್ಟಿದ್ದೇವೆ. 2024ರ ಬೇಸಿಗೆಯಲ್ಲಿ ಜನ ಕುಡಿಯುವ ನೀರಿಗೆ ಕೊಡ ಹಿಡಿದು ನಿಂತಿದ್ದಾಗ ನೆಲಕ್ಕೆ ಟ್ಯಾಂಕರ್ ಸುರಿಯಲು ನಮಗೆ ಮನಸ್ಸು ಬರಲಿಲ್ಲ. ಈಗ ಟರ್ಫ್‌ನಲ್ಲಿ ಕಬ್ಬಿಣದ ಸ್ಟಡ್ ಹಾಕುವ ಹಾಗಿಲ್ಲ, ಹಾಗಾಗಿ ಹುಡುಗರಿಗೆ ಬೇರೆ ಬೂಟು ಕೊಡಿಸಬೇಕಾಯಿತು. ರೆಫರಿ, ಲೈನ್ಸ್‌ಮನ್‌ಗಳ ಫೀಸು, ಆಂಬುಲೆನ್ಸ್ ಬೇರೆ. ಬಿಲ್ಲುಗಳೆಲ್ಲ ಟೀ ಕೌಂಟರ್ ಪಕ್ಕದ ಫೈಲ್‌ನಲ್ಲಿವೆ, ಯಾರು ಬೇಕಾದರೂ ತೆರೆದು ನೋಡಬಹುದು.

ಇಷ್ಟನ್ನೂ ಒಪ್ಪಿಕೊಂಡವರು ಸಹ ಕೊನೆಗೆ ಒಂದು ಮಾತು ಹೇಳಿಯೇ ಹೋಗುತ್ತಾರೆ: ‘ನಮ್ಮ ಹಿರಿಯರು ಬರಿಗಾಲಲ್ಲಿ ಮಣ್ಣಲ್ಲಿ ಆಡಿದರು, ನಿಮಗೆ ಕಾರ್ಪೆಟ್ ಬೇಕಾ? ಪರಂಪರೆ ಮಾರಿಬಿಟ್ಟಿರಿ.’ ಇದಕ್ಕೆ ಉತ್ತರ ಹೇಳದೆ ಬಿಡಲಾರೆವು.

ನಾವೆಲ್ಲ ಎದೆ ಉಬ್ಬಿಸಿ ಹೇಳಿಕೊಳ್ಳುವ ಗೆಲುವು ಯಾವುದು? 1891ರಲ್ಲಿ ಶುರುವಾದ ರೋವರ್ಸ್ ಕಪ್ಪನ್ನು 1937ರಲ್ಲಿ ಮೊಟ್ಟಮೊದಲು ಗೆದ್ದ ಭಾರತೀಯ ತಂಡ ನಮ್ಮೂರಿನ ಬೆಂಗಳೂರು ಮುಸ್ಲಿಮ್ಸ್. 1938ರಲ್ಲಿ ಮತ್ತೆ, 1948ರಲ್ಲಿ ಮತ್ತೆ. ಆ ಕಪ್ ಗೆದ್ದದ್ದು ನಮ್ಮ ದಂಡಿನ (ಕಂಟೋನ್ಮೆಂಟ್) ಮಣ್ಣಿನಲ್ಲಲ್ಲ, ಬೊಂಬಾಯಿಯಲ್ಲಿ. ನಮ್ಮ ಬೆಂಗಳೂರಿನ ಅಹಮದ್ ಖಾನ್ ಸಾಹೇಬರು 1948ರ ಒಲಿಂಪಿಕ್ಸ್‌ನಲ್ಲಿ ಆಡಿದಾಗ ಭಾರತ ತಂಡದ ಬಹುಪಾಲು ಆಟಗಾರರು ಬರಿಗಾಲಲ್ಲಿದ್ದರು. ಲಂಡನ್ ಪಕ್ಕದ ಇಲ್ಫರ್ಡ್‌ನಲ್ಲಿ ಫ್ರಾನ್ಸ್ ಎದುರು 2-1ರಲ್ಲಿ ಸೋತರು, ಅದೂ ಎರಡು ಪೆನಾಲ್ಟಿ ಕಳೆದುಕೊಂಡು. 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯಾ 10-1ರಲ್ಲಿ ಬಡಿಯಿತು. ನಮ್ಮ ಕಡೆಯ ಆ ಒಂದು ಗೋಲು ಅಹಮದ್ ಖಾನರದು. ಅದಾದ ಮೇಲೆ ದೇಶದಲ್ಲಿ ಬೂಟು ಕಡ್ಡಾಯವಾಯಿತು. ಆಗಲೂ ಬರಿಗಾಲು ಬಿಟ್ಟರೆ ಆಟವೇ ಹೋಯಿತು ಅಂದವರು ಇದ್ದಿರಬೇಕು. ಆದರೂ ಬೂಟು ಹಾಕಿದ ಮೈಸೂರು (ಈಗಿನ ಕರ್ನಾಟಕ) ತಂಡವೇ 1967-68, 1968-69ರಲ್ಲಿ ಸಾಲಾಗಿ ಎರಡು ಸಲ, ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿ ತಂದಿತು. 54 ವರ್ಷ ಕಾದು 2023ರಲ್ಲಿ ಮತ್ತೆ ಗೆದ್ದದ್ದಂತೂ ರಿಯಾದ್‌ನಲ್ಲಿ. ಆ ರಾತ್ರಿ ನಮ್ಮ ಕ್ಲಬ್ ಮುಂದೆ ಪಟಾಕಿ ಹೊಡೆದವರು ಯಾರೂ ‘ಅದು ನಮ್ಮ ಗ್ರೌಂಡ್ ಅಲ್ಲ’ ಅನ್ನಲಿಲ್ಲ.

ಮಣ್ಣಿನ ಮೇಲೆ ನಮಗೂ ಪ್ರೀತಿ ಇದೆ. ಮೊಣಕಾಲಿನ ಗಾಯದ ಗುರುತು ನಮ್ಮ ಕಮಿಟಿಯಲ್ಲಿ ಎಲ್ಲರಿಗೂ ಇದೆ. ಬೆಳಗಿನ ಪ್ರಾಕ್ಟೀಸ್, ಚಿಕ್ಕ ಮಕ್ಕಳ ಭಾನುವಾರದ ಆಟ ಅಲ್ಲೇ ನಡೆಯುತ್ತವೆ. ಆ ಜಾಗವನ್ನು ಪಾರ್ಕಿಂಗ್‌ಗೆ ಕೊಡಿ ಅಂತ ಎರಡು ಸಲ ಕೇಳಿದರು, ಕೊಟ್ಟಿಲ್ಲ, ಕೊಡುವುದೂ ಇಲ್ಲ. ಹಳೇ ತಂಡಗಳ ಫೋಟೋಗಳನ್ನು ಗೋಡೆಯಿಂದ ಇಳಿಸಿದ್ದು ಗೆದ್ದಲು ಹಿಡಿದಿತ್ತು ಅಂತ. ಹೊಸ ಫ್ರೇಮ್ ಹಾಕಿಸಿ ಫೈನಲ್‌ಗೆ ಮುಂಚೆ ಅದೇ ಮೊಳೆಗೆ ನೇತುಹಾಕುತ್ತೇವೆ.

ಟರ್ಫ್‌ನಲ್ಲಿ ಬೌಂಡರಿ ಪಕ್ಕ ನಿಂತು ಕೂಗಲು ಬಿಡುವುದಿಲ್ಲ ಅನ್ನುವ ದೂರು ನಿಜ. ಬಲೆಯ ಹಿಂದಿನಿಂದ ನೋಡಿದರೆ ನನಗೂ ಅರ್ಧ ಆಟ ಕಂಡಂತೆ ಆಗುತ್ತದೆ. ಟರ್ಫ್‌ನವರ ಜತೆ ಮಾತಾಡಿ ಒಂದು ಬದಿಯ ಬಲೆ ಎತ್ತಿಸಿದ್ದೇವೆ. ಅಲ್ಲಿ ಹಿರಿಯರಿಗೆ ನಲವತ್ತು ಕುರ್ಚಿ ಹಾಕಿರುತ್ತೇವೆ. ತಮಿಳು, ಉರ್ದು, ಕನ್ನಡ, ಯಾವುದರಲ್ಲಿ ಬೇಕಾದರೂ ಬೈಯಿರಿ, ರೆಫರಿಯನ್ನು ಬಿಟ್ಟು ನಮ್ಮನ್ನು ಬೈಯಿರಿ.

ಶನಿವಾರದ ಕ್ವಾರ್ಟರ್ ಫೈನಲ್ ಸಂಜೆ ಆರೂವರೆಗೆ. ನಡೆಯಲು ಕಷ್ಟ ಆಗುವವರಿಗಾಗಿ ಗೌತಮಪುರದ ಪೆಲೆ ಪ್ರತಿಮೆ ಹತ್ತಿರ ಐದೂಮುಕ್ಕಾಲಿಗೆ ಟೆಂಪೋ ನಿಂತಿರುತ್ತದೆ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಮ್ಯಾಚ್ ಪೆನಾಲ್ಟಿವರೆಗೆ ಹೋದರೂ ವಾಪಸ್ ಮನೆ ಬಾಗಿಲಿಗೇ ಬಿಡುತ್ತೇವೆ, ಆ ಗಾಡಿಯಲ್ಲಿ ನಾನೂ ಇರುತ್ತೇನೆ. ಪಾಸ್ ವಾಪಸ್ ಕೊಡಬೇಕು ಅನ್ನುವವರು ಶುಕ್ರವಾರದ ಒಳಗೆ ಟೀ ಕೌಂಟರ್‌ನಲ್ಲಿ ಕೊಟ್ಟರೆ ಪೂರ್ತಿ ಹಣ ಕೈಗೆ ಸಿಗುತ್ತದೆ. ಆದರೆ ಒಂದು ಮ್ಯಾಚ್ ನೋಡಿ ಆಮೇಲೆ ಕೊಡಿ ಅಂತ ಕೇಳಿಕೊಳ್ಳುತ್ತೇನೆ. ಹಾಗೆ ಬಂದು ನೋಡಿದವರಿಗೆ ಸೋಮವಾರದವರೆಗೂ ಹಣ ವಾಪಸ್ ಕೊಡುತ್ತೇವೆ.

ನಿಮ್ಮ,
ಕ್ಲಬ್ ಕಾರ್ಯದರ್ಶಿ, ಕಮಿಟಿಯ ಎಲ್ಲರ ಪರವಾಗಿ